ನಿಜ ದೀನತೆಯನ್ನೂ ಹುಸಿ ದೀನತೆಯನ್ನೂ ಬೇರ್ಪಡಿಸುವುದು ಹೇಗೆ: ಆರು ಹಂತಗಳ ಸಮಗ್ರ ಮಾರ್ಗದರ್ಶಿ

ದೀನತೆಯನ್ನು ಕಲಿಯಬೇಕೆಂದು ಹೊರಟ ವಿಶ್ವಾಸಿಗಳಲ್ಲಿ ಬಹುಪಾಲು ಜನ ಮೊದಲು ತಿದ್ದಿಕೊಳ್ಳುವುದು ತಮ್ಮ ಮಾತನ್ನು. “ನಾನೇನೂ ಅಲ್ಲ”, “ನನ್ನಂಥ ಅಯೋಗ್ಯನಿಂದ ಏನಾದೀತು”, “ಎಲ್ಲಾ ಕರ್ತನದೇ, ನನ್ನದೇನಿದೆ” ಎಂಬ ವಾಕ್ಯಗಳು ನಾಲಿಗೆಗೆ ಬಹಳ ಬೇಗ ಒಗ್ಗುತ್ತವೆ. ಕೆಲವು ತಿಂಗಳ ನಂತರ ಅದೇ ಜನ ನೊಂದುಕೊಂಡು ಕೇಳುತ್ತಾರೆ: ಮಾತು ತಗ್ಗಿತು, ಆದರೆ ಒಳಗಿನ ಹೋಲಿಕೆಯಾಗಲಿ, ಮುನಿಸಾಗಲಿ, ಹೊಗಳಿಕೆಯ ಹಸಿವಾಗಲಿ ಏಕೆ ತಗ್ಗಲಿಲ್ಲ? ಅವರ ಅಪೇಕ್ಷೆಯಲ್ಲಿ ಸುಳ್ಳಿಲ್ಲ. ಕೊನೆಯಲ್ಲಿ ತಾನಾಗಿ ಬರಬೇಕಾದದ್ದನ್ನು ಅವರು ಮೊದಲೇ ಹಿಡಿದುಕೊಂಡಿದ್ದಾರೆ. ಈ ಬರಹದ ಉದ್ದೇಶ ಆ ಕ್ರಮವನ್ನು ಸರಿಪಡಿಸುವುದು.

ನಿಜವಾದದ್ದೂ ಹುಸಿಯೂ ಹೊರಗಿನಿಂದ ಒಂದೇ ತೆರನಾಗಿ ಕಾಣುವುದು ಗೊಂದಲಕ್ಕೆ ಇನ್ನೊಂದು ಕಾರಣ. ಕೊಲೊಸ್ಸೆ ಪತ್ರದ 2ನೇ ಅಧ್ಯಾಯದ 18 ಮತ್ತು 23ನೇ ವಚನಗಳಲ್ಲಿ ಪೌಲನು ಯಾವ ಹುಸಿ ದೀನಭಾವದ ವಿಷಯದಲ್ಲಿ ಎಚ್ಚರಿಸುತ್ತಾನೋ, 3ನೇ ಅಧ್ಯಾಯದ 12ನೇ ವಚನದಲ್ಲಿ ಯಾವ ದೀನಭಾವವನ್ನು ಧರಿಸಿಕೊಳ್ಳಿರೆಂದು ಹೇಳುತ್ತಾನೋ, ಆ ಎರಡಕ್ಕೂ ಗ್ರೀಕ್ ಮೂಲದಲ್ಲಿರುವುದು ಒಂದೇ ಪದ. ಪದವನ್ನು ನೋಡಿದರೆ ಯಾವುದು ಯಾವುದೆಂದು ತಿಳಿಯದು. ಆದರೆ ಮೊದಲನೆಯ ಕಡೆ, ಅದೇ ವಚನದೊಳಗೆ, ಇಂಥವರು ತಮ್ಮ ಶರೀರಭಾವದ ಬುದ್ಧಿಯಿಂದ ಉಬ್ಬಿಕೊಂಡಿದ್ದಾರೆ ಎಂಬ ಮಾತಿದೆ. ತಗ್ಗಿದಂತೆ ನಡೆದುಕೊಳ್ಳುತ್ತಲೇ ಉಬ್ಬಿಕೊಂಡಿರಲು ಸಾಧ್ಯ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ನಿಜ ದೀನತೆ ಎಂದರೆ ದೇವರ ಮುಂದೆ ತನ್ನ ಬಗ್ಗೆ ಇರುವ ನಿಜವನ್ನು, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಹೆಚ್ಚಿಸದೆ ಕಡಿಮೆ ಮಾಡದೆ ಒಪ್ಪಿಕೊಂಡು ಅದರಂತೆ ನಡೆಯುವುದು. ರೋಮಾಪುರದವರಿಗೆ ಬರೆದ ಪತ್ರದ 12:3ರಲ್ಲಿ ಪೌಲನು ಕೇಳುವುದು ಇಷ್ಟನ್ನೇ: ತನ್ನ ಯೋಗ್ಯತೆಗೆ ಮೀರಿ ಭಾವಿಸಿಕೊಳ್ಳದೆ, ದೇವರು ಕೊಟ್ಟ ವಿಶ್ವಾಸದ ಅಳತೆಗೆ ತಕ್ಕಂತೆ ಸ್ವಸ್ಥಚಿತ್ತದಿಂದ ಭಾವಿಸಿಕೊಳ್ಳುವುದು. ಅಳತೆಗಿಂತ ಕೆಳಗೆ ಭಾವಿಸಿಕೊಳ್ಳಿರೆಂದು ಅವನು ಹೇಳಿಲ್ಲ.

ಆರಂಭಿಸುವ ಮುನ್ನ ಬೇಕಾದವು

ಆರು ವಾರಗಳ ಅವಧಿ ಬೇಕು, ಹಂತಕ್ಕೊಂದು ವಾರ. ಎರಡು ಹಂತಗಳನ್ನು ಒಂದೇ ವಾರದಲ್ಲಿ ಮುಗಿಸಲು ಹೋದವರು ಸಾಮಾನ್ಯವಾಗಿ ಎರಡನ್ನೂ ಅರೆಬರೆ ಮಾಡುತ್ತಾರೆ. ಸತ್ಯವೇದದ ಜೊತೆಗೆ ಬೇರೆ ಯಾರ ಕಣ್ಣಿಗೂ ಬೀಳದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿರಿ. ಮುಂದೊಂದು ದಿನ ಯಾರಾದರೂ ಓದಿಯಾರು ಎಂಬ ಎಣಿಕೆ ಇದ್ದರೆ ಅದರಲ್ಲಿ ಬರೆಯುವ ಪ್ರತಿ ಸಾಲೂ ಆ ಓದುಗರಿಗಾಗಿ ಸಿಂಗರಿಸಿಕೊಂಡು ಬರುತ್ತದೆ.

ಮೂರನೆಯದಾಗಿ ಒಬ್ಬ ವ್ಯಕ್ತಿ ಬೇಕು, ಮತ್ತು ಈ ಆಯ್ಕೆಯಲ್ಲಿಯೇ ಅನೇಕರು ಎಡವುತ್ತಾರೆ. ನಿಮ್ಮನ್ನು ಮೆಚ್ಚುವವರೂ ಬೇಡ, ನಿಮಗೆ ಹೆದರುವವರೂ ಬೇಡ, ನಿಮ್ಮ ಕೈಕೆಳಗೆ ಸೇವೆ ಮಾಡುವವರಂತೂ ಬೇಡವೇ ಬೇಡ. ನಿಮ್ಮನ್ನು ಮನೆಯಲ್ಲಿ ಅಥವಾ ಕೆಲಸದಲ್ಲಿ ದಣಿದ ಹೊತ್ತಿನಲ್ಲಿ ಕಂಡಿರುವ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ, ನೇರವಾಗಿ ಮಾತನಾಡುವ ವಿಶ್ವಾಸಿ ಸಾಕು. ಅವರು ಸಭೆಯ ಪಾಲಕರೇ ಆಗಬೇಕೆಂದಿಲ್ಲ. ಐದನೇ ಹಂತದಲ್ಲಿ ಅವರ ಸಹಾಯ ಬೇಕಾಗುವುದೆಂದು ಈಗಲೇ ತಿಳಿಸಿರಿ. ಅವರೊಬ್ಬರನ್ನು ಬಿಟ್ಟು ಮತ್ತಾರಿಗೂ ಈ ಅಭ್ಯಾಸದ ಸುದ್ದಿ ಹೇಳಬೇಡಿರಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನೀವು ಬಹುಕಾಲದಿಂದ ಕುಗ್ಗಿಹೋಗಿದ್ದು, ನಿಮ್ಮನ್ನು ನೀವೇ ದ್ವೇಷಿಸುವ ಅಥವಾ ಬದುಕೇ ಬೇಡವೆನ್ನುವ ಸ್ಥಿತಿಯಲ್ಲಿದ್ದರೆ ಈ ಕ್ರಮವನ್ನು ಈಗ ಆರಂಭಿಸಬೇಡಿರಿ. ಅದು ದೀನತೆಯ ಕೊರತೆಯೂ ಅಲ್ಲ, ದೀನತೆಯ ಹೆಚ್ಚಳವೂ ಅಲ್ಲ. ಅದು ನೋವು, ಅದಕ್ಕೆ ವೈದ್ಯರ ಮತ್ತು ಆಪ್ತರ ನೆರವು ಬೇಕು. ಎಲೀಯನು ಜಾಲಿಗಿಡದ ಕೆಳಗೆ ಕುಳಿತು, ತಾನು ತನ್ನ ಪಿತೃಗಳಿಗಿಂತ ಉತ್ತಮನಲ್ಲ, ಪ್ರಾಣವನ್ನು ತೆಗೆದುಬಿಡು ಎಂದು ಬೇಡಿದಾಗ ದೇವರು ಅವನ ಮಾತನ್ನು ದೀನತೆಯೆಂದು ಮೆಚ್ಚಲೂ ಇಲ್ಲ, ಅವನಿಗೆ ಪಾಠ ಹೇಳಲೂ ಇಲ್ಲ. ನಿದ್ದೆ ಮಾಡಲು ಬಿಟ್ಟು, ದೂತನ ಕೈಯಿಂದ ಎರಡು ಸಾರಿ ರೊಟ್ಟಿಯನ್ನೂ ನೀರನ್ನೂ ಕೊಡಿಸಿದನು (1 ಅರಸುಗಳು 19). ಮಾತುಕತೆ ಅದರ ನಂತರ ನಡೆಯಿತು.

ಹಂತ 1: ತಗ್ಗಿಸಿಕೊಳ್ಳುವ ಮಾತನ್ನು ಒಂದು ವಾರ ನಿಲ್ಲಿಸಿರಿ

ಏಳು ದಿನಗಳ ಕಾಲ ನಿಮ್ಮನ್ನು ನೀವೇ ಕೆಳಗಿಳಿಸುವ ಯಾವ ವಾಕ್ಯವನ್ನೂ ಆಡಬೇಡಿರಿ. ಬಾಯಿಗೆ ಬಂದಾಗ ನುಂಗಿಕೊಂಡು, ಆಮೇಲೆ ಅದನ್ನು ಅಕ್ಷರಶಃ ಬರೆದಿಡಿರಿ. ಯಾರೊಂದಿಗೆ, ಯಾವ ಹೊತ್ತಿನಲ್ಲಿ ಆ ಮಾತು ಬರಲಿತ್ತು ಎಂಬುದನ್ನೂ ಸೇರಿಸಿರಿ. ವಾರದ ಕೊನೆಗೆ ಪ್ರತಿಯೊಂದು ವಾಕ್ಯದ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: ಈ ಮಾತಿನಿಂದ ನನಗೆ ಏನು ದೊರೆಯಬೇಕಿತ್ತು?

ಉತ್ತರಗಳು ಹೆಚ್ಚಾಗಿ ಕೆಲವೇ ಗುಂಪುಗಳಿಗೆ ಸೇರುತ್ತವೆ. ಕೆಲವು ವಾಕ್ಯಗಳು “ಇಲ್ಲ, ಇಲ್ಲ, ನೀವು ತುಂಬಾ ಚೆನ್ನಾಗಿ ಮಾಡಿದಿರಿ” ಎಂಬ ಉತ್ತರವನ್ನು ಎಳೆಯಲು ಹಾಕಿದ ಗಾಳಗಳು. ಕೆಲವು, ಇತರರು ದೋಷ ಹೇಳುವ ಮೊದಲೇ ತಾವೇ ಹೇಳಿಕೊಂಡು ಅವರ ಬಾಯಿ ಕಟ್ಟುವ ಉಪಾಯಗಳು. ಇನ್ನು ಕೆಲವು ಕೆಲಸದಿಂದ ಜಾರಿಕೊಳ್ಳುವ ದಾರಿಗಳು.

ನನ್ನದೇ ಒಂದು ಉದಾಹರಣೆಯನ್ನು ಇಲ್ಲಿಡುತ್ತೇನೆ. ಒಂದು ಉಪವಾಸ ಪ್ರಾರ್ಥನೆಯಲ್ಲಿ ವಾಕ್ಯ ಹಂಚಿಕೊಳ್ಳುವಿರಾ ಎಂದು ಹಿರಿಯರೊಬ್ಬರು ಕೇಳಿದಾಗ “ನನಗೆ ಅಷ್ಟು ಯೋಗ್ಯತೆ ಎಲ್ಲಿದೆ” ಎಂದೆ. ಅವರು ಸರಳ ಮನುಷ್ಯರು. “ಹಾಗೋ, ಆಗಲಿ” ಎಂದು ತಲೆಯಾಡಿಸಿ, ನನ್ನ ಪಕ್ಕದಲ್ಲೇ ಕುಳಿತಿದ್ದ ಇನ್ನೊಬ್ಬರ ಕಡೆಗೆ ತಿರುಗಿ ಅವರನ್ನು ಕೇಳಿದರು. ಅವರು ಒಪ್ಪಿಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆಡಿದ ಮಾತನ್ನೇ ಅವರು ನಂಬಿದ್ದರು, ಅಷ್ಟೇ. ಆದರೆ ನಾನು ಅದನ್ನು ನಂಬುವುದಕ್ಕಾಗಿ ಆಡಿರಲಿಲ್ಲ, ಮತ್ತೊಮ್ಮೆ ಕೇಳಲಿ ಎಂದು ಆಡಿದ್ದೆ. ಹುಸಿಯನ್ನು ಕಂಡುಹಿಡಿಯಲು ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ನನಗೆ ತಿಳಿದಿಲ್ಲ: ನಿಮ್ಮ ಬಗ್ಗೆ ನೀವೇ ಹೇಳಿದ ಮಾತನ್ನು ಇನ್ನೊಬ್ಬರು ಒಪ್ಪಿಕೊಂಡಾಗ ಮನಸ್ಸು ಕಹಿಯಾಗುವುದೇ ಎಂದು ನೋಡಿಕೊಳ್ಳಿರಿ.

ಸನ್ಯಾಸಿ ಮಠಗಳ ಜೀವನಕ್ಕೆ ನಿಯಮ ಬರೆದ ಬೆನೆಡಿಕ್ಟನು ದೀನತೆಯ 12 ಮೆಟ್ಟಿಲುಗಳನ್ನು ಹೇಳುವಾಗ, ತಾನು ಎಲ್ಲರಿಗಿಂತ ಕಡಿಮೆಯವನೆಂದು ನಾಲಿಗೆಯಿಂದ ಹೇಳುವುದಷ್ಟೇ ಅಲ್ಲದೆ ಹೃದಯದಾಳದಲ್ಲಿ ನಂಬುವುದನ್ನು 7ನೆಯದಾಗಿ ಇಟ್ಟಿರುವುದು ಗಮನಾರ್ಹ. ಅದನ್ನು ಅವನು ಆರಂಭದಲ್ಲಿ ಇಡಲಿಲ್ಲ. ಅವನ ಮೊದಲ ಮೆಟ್ಟಿಲು ದೇವಭಯ.

ಸಾಮಾನ್ಯ ತಪ್ಪು: ಮಾತು ನಿಲ್ಲಿಸಿದ ಮೇಲೆ ಅದೇ ಕೆಲಸವನ್ನು ಮುಖಭಾವಕ್ಕೆ ವಹಿಸುವುದು. ನಿಟ್ಟುಸಿರು, ತಗ್ಗಿದ ದನಿ, ಬೇಕೆಂದೇ ಹಿಂದಿನ ಸಾಲಿನಲ್ಲಿ ಕುಳಿತು ಮುಂದಕ್ಕೆ ಕರೆಯುವರೋ ಎಂದು ಕಾಯುವುದು, ಇವೂ ಈ ವಾರದ ಪಟ್ಟಿಗೆ ಸೇರಬೇಕು.

ಹಂತ 2: ಹೋಲಿಕೆಯ ಅಳತೆಗೋಲನ್ನು ಬದಲಿಸಿರಿ

ಈ ವಾರ ದಿನಕ್ಕೆ ಒಂದು ಭಾಗದಂತೆ ಯೆಶಾಯ 6:1-8, ಲೂಕ 5:1-11, ಲೂಕ 18:9-14 ಮತ್ತು ಮತ್ತಾಯ 15:21-28 ಇವುಗಳನ್ನು ನಿಧಾನವಾಗಿ ಓದಿರಿ. ಉಳಿದ ದಿನಗಳಲ್ಲಿ ಅವನ್ನೇ ಮತ್ತೆ ಓದಿರಿ. ಪ್ರತಿ ಭಾಗದಲ್ಲಿಯೂ ಒಂದನ್ನು ಗಮನಿಸಿರಿ: ಆ ವ್ಯಕ್ತಿ ಯಾರನ್ನು ನೋಡುತ್ತ ತನ್ನನ್ನು ಅಳೆದುಕೊಂಡನು?

ಲೂಕ 18ರಲ್ಲಿ ದೇವಾಲಯಕ್ಕೆ ಹೋದ ಇಬ್ಬರಲ್ಲಿ ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನ) ಪ್ರಾರ್ಥನೆ ಸ್ತೋತ್ರದಿಂದಲೇ ಆರಂಭವಾಗುತ್ತದೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಅವನು ದೇವರಿಗೆ ಕೃತಜ್ಞತೆ ಹೇಳಿಯೇ ಮಾತು ತೆಗೆದನು. ಆದರೆ ಅವನ ಕಣ್ಣು ಪಕ್ಕಕ್ಕೆ ಹೊರಳಿ ಸುಂಕದವನ ಮೇಲೆ ನಿಂತಿತು. ಸುಂಕದವನಾದರೋ ಕಣ್ಣೆತ್ತಲೂ ಇಲ್ಲ, ಪಕ್ಕಕ್ಕೆ ನೋಡಲೂ ಇಲ್ಲ. ಪೇತ್ರನು ಮೀನುಗಳಿಂದ ತುಂಬಿದ ದೋಣಿಯಲ್ಲಿ ಯೇಸುವಿನ ಮೊಣಕಾಲಿಗೆ ಬಿದ್ದು ತಾನು ಪಾಪಾತ್ಮನೆಂದು ಹೇಳಿದ್ದು ಜೊತೆಗಾರರೊಂದಿಗೆ ಹೋಲಿಸಿಕೊಂಡಲ್ಲ. ಎದುರಿಗಿದ್ದವನು ಯಾರೆಂಬುದು ಅವನಿಗೆ ಹೊಳೆದಿತ್ತು.

ಯೆಶಾಯನ ಭಾಗದಲ್ಲಿ ಘಟನೆಗಳ ಕ್ರಮವನ್ನು ಬೆರಳಿಟ್ಟು ಓದಿರಿ. ಮೊದಲು ದರ್ಶನ, ಆಮೇಲೆ “ಅಯ್ಯೋ” ಎಂಬ ಕೂಗು, ಆಮೇಲೆ ತುಟಿಗೆ ತಾಗಿದ ಕೆಂಡ, ಕೊನೆಗೆ ನನ್ನನ್ನು ಕಳುಹಿಸು ಎಂಬ ಉತ್ತರ. “ಅಯ್ಯೋ” ಎಂಬಲ್ಲಿಯೇ ನಿಂತುಬಿಡುವ ದೀನತೆ ಅರ್ಧ ದಾರಿಯದು. ಕಾನಾನ್ಯ ಸ್ತ್ರೀಯಲ್ಲಿಯೂ ಇದೇ ಗಟ್ಟಿತನವಿದೆ. ಯೇಸುವಿನ ಕಠಿಣವೆನಿಸುವ ಮಾತಿಗೆ ಅವಳು ಹೌದೆಂದು ಒಪ್ಪಿದಳು, ಮುನಿಸಿಕೊಂಡು ಎದ್ದು ಹೋಗಲಿಲ್ಲ, ಮಗಳಿಗಾಗಿ ಕೇಳುವುದನ್ನೂ ಬಿಡಲಿಲ್ಲ. ಕೆಳಗಿನ ಸ್ಥಳವನ್ನು ಒಪ್ಪಿಕೊಂಡವರಿಗೆ ಬೇಡುವ ಧೈರ್ಯ ಹೆಚ್ಚುತ್ತದೆ.

ಎಚ್ಚರಿಕೆಯ ಗುರುತು: ಈ ವಾರದ ಪ್ರಾರ್ಥನೆಯಲ್ಲಿ “ಆ ಫರಿಸಾಯನಂತೆ ನಾನಿಲ್ಲವಲ್ಲ” ಎಂಬ ಸಮಾಧಾನ ತಲೆಯೆತ್ತಿದರೆ, ಫರಿಸಾಯನ ಪ್ರಾರ್ಥನೆಯೇ ಇನ್ನೊಬ್ಬರ ಹೆಸರು ಹಾಕಿಕೊಂಡು ಬಂದಿದೆ. ಅದನ್ನು ಬರೆದಿಟ್ಟು ಮುಂದುವರಿಯಿರಿ. ಅದಕ್ಕಾಗಿ ಅಂಜಿ ನಿಲ್ಲಬೇಕಾಗಿಲ್ಲ.

ಹಂತ 3: ಪಡೆದದ್ದನ್ನು ಪಟ್ಟಿ ಮಾಡಿರಿ

ಈ ಹಂತವನ್ನು ಬಿಟ್ಟು ಮುಂದಕ್ಕೆ ಹಾರುವವರೇ ಹೆಚ್ಚು. ತಮ್ಮ ವರಗಳನ್ನು ಬರೆದುಕೊಳ್ಳುವುದು ಹೆಮ್ಮೆಗೆ ದಾರಿಯಲ್ಲವೇ ಎಂದು ಕೇಳುತ್ತಾರೆ. ಪಡೆದದ್ದನ್ನು ಕಾಣದವನು ಕೊಟ್ಟವನಿಗೆ ಕೃತಜ್ಞನಾಗಿರುವುದು ಹೇಗೆ?

ನೋಟ್‌ಬುಕ್ಕಿನ ಒಂದು ಪುಟವನ್ನು ಎರಡು ಭಾಗ ಮಾಡಿರಿ. ಎಡಕ್ಕೆ ನೀವು ನಿಜವಾಗಿಯೂ ಚೆನ್ನಾಗಿ ಮಾಡಬಲ್ಲ ಕೆಲಸಗಳನ್ನು ಸರಳ ವಾಕ್ಯಗಳಲ್ಲಿ ಬರೆಯಿರಿ: “ನನಗೆ ಹಾಡಲು ಬರುತ್ತದೆ”, “ಲೆಕ್ಕಪತ್ರವನ್ನು ತಪ್ಪಿಲ್ಲದೆ ಇಡುತ್ತೇನೆ”, “ರೋಗಿಗಳ ಬಳಿ ಬೇಸರವಿಲ್ಲದೆ ಕುಳಿತಿರಬಲ್ಲೆ”. “ಸ್ವಲ್ಪ”, “ಏನೋ ಒಂದಿಷ್ಟು” ಎಂಬ ಪದಗಳನ್ನು ಸೇರಿಸಬೇಡಿರಿ. ಬಲಕ್ಕೆ, ಅದು ಯಾರಿಂದ ಹೇಗೆ ಬಂದಿತೆಂದು ಬರೆಯಿರಿ: ಕಲಿಸಿದವರು, ದುಡಿದು ಓದಿಸಿದವರು, ಹುಟ್ಟಿನಿಂದ ಬಂದ ಕಂಠ, ತಪ್ಪು ಮಾಡಿದಾಗ ತಾಳಿಕೊಂಡವರು. ಬಲಭಾಗ ಎಡಭಾಗಕ್ಕಿಂತ ಉದ್ದವಾಗುವವರೆಗೆ ಬರೆಯಿರಿ. ನಿನ್ನಲ್ಲಿ ಪಡೆಯದೆ ಇರುವಂಥದ್ದು ಯಾವುದಿದೆ ಎಂಬ 1 ಕೊರಿಂಥ 4:7ರ ಪ್ರಶ್ನೆಯನ್ನು ಪುಟದ ಮೇಲ್ಗಡೆ ಬರೆದುಕೊಂಡರೆ ಒಳ್ಳೆಯದು.

ಇದಕ್ಕೆ ಮಾದರಿ 1 ಕೊರಿಂಥ 15:9-10. ಸಭೆಯನ್ನು ಹಿಂಸೆಪಡಿಸಿದ್ದರಿಂದ ತಾನು ಅಪೊಸ್ತಲರಲ್ಲಿ ಅತ್ಯಲ್ಪನು ಎಂದು ಪೌಲನು ಹೇಳುತ್ತಾನೆ. ಅದೇ ಉಸಿರಿನಲ್ಲಿ, ಅವರೆಲ್ಲರಿಗಿಂತಲೂ ಹೆಚ್ಚಾಗಿ ಪ್ರಯಾಸಪಟ್ಟೆನೆಂದೂ, ದುಡಿದದ್ದು ತಾನಲ್ಲ, ತನ್ನೊಂದಿಗಿದ್ದ ದೇವರ ಕೃಪೆಯೆಂದೂ ಹೇಳುತ್ತಾನೆ. ಹುಸಿ ದೀನತೆಗೆ ಈ ನಡುವಿನ ವಾಕ್ಯವನ್ನು ಹೇಳುವ ಶಕ್ತಿಯಿಲ್ಲ. ಅಹಂಕಾರಕ್ಕೆ ಮೊದಲನೆಯದನ್ನೂ ಕೊನೆಯದನ್ನೂ ಹೇಳಲಾಗದು.

ವಿರುದ್ಧ ಮಾದರಿ ಬೇಕಾದರೆ ಮತ್ತಾಯ 25ರಲ್ಲಿ ದಣಿಯಿಂದ ಒಂದೇ ತಲಾಂತನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಪಡೆದ ಆಳನ್ನು ನೋಡಿರಿ. ಅವನು ದುಂದು ಮಾಡಲಿಲ್ಲ, ಬಡಾಯಿ ಕೊಚ್ಚಲಿಲ್ಲ, ಭಯಪಟ್ಟು ನೆಲದಲ್ಲಿ ಹೂತಿಟ್ಟನು. ನೋಡುವವರಿಗೆ ಅವನು ಎಷ್ಟೋ ವಿನಯಶೀಲನಾಗಿ ಕಂಡಿರಬಹುದು. ದಣಿಯು ಅವನನ್ನು ಕರೆದದ್ದು ಮೈಗಳ್ಳನೆಂದು.

ಮೋಶೆಯ ಕರೆಯೂ ಈ ಹಂತಕ್ಕೆ ಸೇರಿದ್ದು. ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯಗಳಲ್ಲಿ ಅವನು ಐದು ಸಾರಿ ಹಿಂದೆಗೆಯುತ್ತಾನೆ. ನಾನು ಎಷ್ಟರವನು ಎಂಬ ಮೊದಲ ಪ್ರಶ್ನೆಗೆ ದೇವರು ‘ನೀನು ಸಮರ್ಥನು’ ಎಂದು ಉತ್ತರಿಸಲಿಲ್ಲ, ನಾನೇ ನಿನ್ನ ಸಂಗಡ ಇರುವೆನು ಎಂದನು. ಆದರೆ ಐದನೆಯ ಸಾರಿ, ಬೇರೆ ಯಾರನ್ನಾದರೂ ಕಳುಹಿಸು ಎಂದಾಗ ದೇವರು ಸಿಟ್ಟುಗೊಂಡನು. ಅರಣ್ಯಕಾಂಡ 12:3ರಲ್ಲಿ ಭೂಮಿಯ ಮೇಲಿದ್ದ ಎಲ್ಲರಿಗಿಂತಲೂ ಸಾತ್ವಿಕನೆಂದು ಹೇಳಿಸಿಕೊಂಡವನು ಇದೇ ಮೋಶೆ. ಆ ಮಾತು ಬರುವುದು ಅವನು ಕೆಲಸವನ್ನು ಒಪ್ಪಿಕೊಂಡು ಜನರನ್ನು ಹೊತ್ತು ನಡೆದ ನಂತರ. ವಾರದ ಕೊನೆಗೆ, ‘ಯೋಗ್ಯತೆ ಇಲ್ಲ’ ಎಂದು ನೀವು ಬಿಟ್ಟಿರುವ ಒಂದು ಸೇವೆಯನ್ನು ಗುರುತಿಸಿ ಒಪ್ಪಿಕೊಳ್ಳಿರಿ.

ಹಂತ 4: ಪಾಪವನ್ನು ಹೆಸರಿಟ್ಟು ಹೇಳಿರಿ

“ನಾನು ಮಹಾ ಪಾಪಿ” ಎಂದು ಹೇಳುವುದು ಸುಲಭ. “ಮಂಗಳವಾರ ನನ್ನ ತಮ್ಮನಿಗೆ ಸುಳ್ಳು ಹೇಳಿದೆ, ಏಕೆಂದರೆ ನನ್ನ ತಪ್ಪು ಹೊರಬೀಳುವುದು ನನಗೆ ಬೇಡವಾಗಿತ್ತು” ಎಂದು ಹೇಳುವುದು ಕಷ್ಟ. ಮೊದಲನೆಯ ಮಾತಿನಿಂದ ಯಾರೂ ನಿಮ್ಮನ್ನು ಕಡಿಮೆಯಾಗಿ ಎಣಿಸರು, ಬದಲಿಗೆ ಮೆಚ್ಚಿಯಾರು. ಆದ್ದರಿಂದ ಈ ವಾರ ಸಾಮಾನ್ಯ ಪದಗಳನ್ನು ಬಿಟ್ಟು, ದಿನಕ್ಕೆ ಒಂದೇ ಒಂದು ಪಾಪವನ್ನು ನಾಲ್ಕು ಅಂಶಗಳೊಂದಿಗೆ ಬರೆಯಿರಿ: ಏನು ಮಾಡಿದೆ, ಯಾರಿಗೆ, ಯಾವ ಲಾಭಕ್ಕೆ, ಈಗ ಏನನ್ನು ಸರಿಪಡಿಸಬೇಕು. ಬರೆದದ್ದನ್ನು ದೇವರ ಮುಂದೆ ಓದಿ ಹೇಳಿರಿ, ಕ್ಷಮೆಯನ್ನು ಸ್ವೀಕರಿಸಿರಿ, ನಾಲ್ಕನೆಯ ಅಂಶವನ್ನು 24 ಗಂಟೆಯೊಳಗೆ ಮಾಡಿರಿ.

ಇಸ್ರಾಯೇಲಿನ ಅರಸರಾದ ಸೌಲನನ್ನೂ ದಾವೀದನನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದು ಈ ಹಂತದ ಮುಖ್ಯ ಪಾಠ. ಸೌಲನ ಆರಂಭ ನೋಡಿದರೆ ದೀನತೆಗೆ ಅವನೇ ಮಾದರಿ ಎನಿಸುತ್ತದೆ. ತನ್ನ ಕುಲ ಚಿಕ್ಕದೆಂದನು. ಅರಸನನ್ನಾಗಿ ಆರಿಸಿದಾಗ ಸಾಮಾನುಗಳ ನಡುವೆ ಅಡಗಿಕೊಂಡನು (1 ಸಮುವೇಲ 10:22). ಅದೇ ಸೌಲನು 15ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕರ್ಮೆಲಿನಲ್ಲಿ ತನಗಾಗಿ ಜ್ಞಾಪಕಸ್ತಂಭವನ್ನು ನಿಲ್ಲಿಸಿದ್ದಾನೆ. ಶತ್ರುಗಳ ಎಲ್ಲವನ್ನೂ ನಾಶಮಾಡಬೇಕೆಂಬ ದೇವರ ಆಜ್ಞೆಯನ್ನು ಅವನು ಮೀರಿದ್ದನ್ನು ಪ್ರವಾದಿ ಸಮುವೇಲನು ಎತ್ತಿ ತೋರಿಸಿದಾಗ ಮೊದಲು ತಾನು ವಿಧೇಯನಾಗಿಯೇ ಇದ್ದೇನೆಂದು ವಾದಿಸಿ, ಕುರಿದನಗಳನ್ನು ಉಳಿಸಿಕೊಂಡದ್ದು ಜನರು ಎಂದು ಬೊಟ್ಟು ಮಾಡಿ, ಕೊನೆಗೆ ಪಾಪ ಮಾಡಿದ್ದೇನೆ ಎಂದನು. ಆದರೆ 30ನೇ ವಚನದಲ್ಲಿ ಆ ಮಾತಿನ ಬಾಲವೂ ಹೊರಬಂದಿತು: ಪಾಪ ಮಾಡಿದ್ದೇನೆ, ಆದರೂ ಹಿರಿಯರ ಮುಂದೆಯೂ ಇಸ್ರಾಯೇಲ್ಯರ ಮುಂದೆಯೂ ನನ್ನನ್ನು ಮಾನಪಡಿಸು.

ದಾವೀದನ ಪಾಪ ಸಣ್ಣದಾಗಿರಲಿಲ್ಲ. ವ್ಯಭಿಚಾರವೂ ಊರೀಯನ ಕೊಲೆಯೂ ಅದರಲ್ಲಿದ್ದವು. ಪ್ರವಾದಿ ನಾತಾನನು ಎದುರಿಗೆ ನಿಂತು ಆ ಮನುಷ್ಯನು ನೀನೇ ಎಂದಾಗ ಅವನು ಕೊಟ್ಟ ಉತ್ತರ ಹೀಬ್ರೂ ಮೂಲದಲ್ಲಿ ಎರಡೇ ಪದ: ಯೆಹೋವನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ. ಇಬ್ಬರೂ ಬಳಸಿದ ಕ್ರಿಯಾಪದ ಒಂದೇ. ಒಬ್ಬನ ವಾಕ್ಯ ಅಲ್ಲಿಗೆ ನಿಂತಿತು, ಇನ್ನೊಬ್ಬನದು “ಆದರೂ” ಎಂದು ಮುಂದುವರಿಯಿತು. ನಿಮ್ಮ ಪಾಪನಿವೇದನೆಯಲ್ಲಿ “ಆದರೆ”, “ಆದರೂ”, “ಅವರೂ ಹಾಗೆ ಮಾಡಿದ್ದರಿಂದ” ಎಂಬ ಪದಗಳು ಎಲ್ಲಿವೆಯೆಂದು ಹುಡುಕಿ ಅಡಿಗೆರೆ ಎಳೆಯಿರಿ.

ಇನ್ನೊಂದು ತಪ್ಪು ಇದಕ್ಕೆ ಎದುರು ದಿಕ್ಕಿನದು: ಪಾಪವನ್ನು ದೊಡ್ಡದು ಮಾಡಿ ಹೇಳುವುದು. 12ನೇ ಶತಮಾನದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡನು ಅಹಂಕಾರದ 12 ಮೆಟ್ಟಿಲುಗಳನ್ನು ಎಣಿಸುವಾಗ ಒಂಬತ್ತನೆಯದಾಗಿ ಹುಸಿ ನಿವೇದನೆಯನ್ನು ಇಟ್ಟನು. ಮಾಡದಷ್ಟನ್ನು ಹೊತ್ತುಕೊಳ್ಳುವವನು, ಸಾಕ್ಷಿ ಹೇಳುವಾಗ ತನ್ನ ಹಳೆಯ ಜೀವನವನ್ನು ಇನ್ನಷ್ಟು ಕಪ್ಪಾಗಿ ಬಳಿಯುವವನು, ಪಶ್ಚಾತ್ತಾಪದಲ್ಲಿಯೂ ಎಲ್ಲರಿಗಿಂತ ಮುಂದಿರಲು ಬಯಸುತ್ತಾನೆ. ಆದುದರಿಂದ ಬರೆದದ್ದನ್ನು ಇನ್ನೊಮ್ಮೆ ಓದಿ, ನಡೆದದ್ದಕ್ಕಿಂತ ಹೆಚ್ಚಿರುವ ಪ್ರತಿ ಪದವನ್ನೂ ಹೊಡೆದುಹಾಕಿರಿ.

ಹಂತ 5: ತಿದ್ದುಪಡಿಯನ್ನು ಕೇಳಿ ಪಡೆಯಿರಿ

ಈಗ ನೀವು ಆರಿಸಿಕೊಂಡ ವ್ಯಕ್ತಿಯ ಬಳಿಗೆ ಹೋಗಿರಿ. “ನನ್ನಲ್ಲಿ ಏನಾದರೂ ತಪ್ಪಿದ್ದರೆ ಹೇಳಿ” ಎಂದು ಕೇಳಿದರೆ “ಏನೂ ಇಲ್ಲ” ಎಂಬ ಉತ್ತರವೇ ಬರುವುದು, ಮತ್ತು ನಮ್ಮಲ್ಲಿ ಹಲವರು ಹಾಗೆ ಕೇಳುವುದು ಆ ಉತ್ತರಕ್ಕಾಗಿಯೇ. ಪ್ರಶ್ನೆ ಚೂಪಾಗಿರಲಿ: “ಕಳೆದ ಒಂದು ತಿಂಗಳಲ್ಲಿ ನಾನು ಯಾರ ಮಾತನ್ನು ಕೇಳಿಸಿಕೊಳ್ಳದೆ ತುಂಡರಿಸಿದ್ದನ್ನು ನೋಡಿದಿರಿ?” “ನನ್ನೊಂದಿಗೆ ಕೆಲಸ ಮಾಡುವಾಗ ಯಾವುದು ನಿಮಗೆ ಭಾರವಾಗುತ್ತದೆ?”

ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿರಿ. ವಿವರಣೆ ಕೊಡಬೇಡಿರಿ. ಕಣ್ಣೀರು ಹಾಕಿ ಅವರೇ ನಿಮ್ಮನ್ನು ಸಂತೈಸುವಂತೆ ಮಾಡಬೇಡಿರಿ. ತಿದ್ದುಪಡಿಯನ್ನು ತಡೆಯುವ ಅತ್ಯಂತ ಮೃದುವಾದ ಉಪಾಯ ಅದು. “ಸರಿ, ಕೇಳಿದೆ” ಎಂದು ಹೇಳಿ, ಮನೆಗೆ ಬಂದು ಅವರ ಮಾತುಗಳಲ್ಲಿಯೇ ಬರೆದುಕೊಳ್ಳಿರಿ. ಎರಡು ದಿನ ಬಿಟ್ಟು ಅದರಲ್ಲಿ ನಿಜವೆಷ್ಟು ಎಂದು ತೂಗಿ ನೋಡಿರಿ. ಎಲ್ಲವನ್ನೂ ಒಪ್ಪಿಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ತಪ್ಪಾದ ಆರೋಪವನ್ನು ಒಪ್ಪಿಕೊಳ್ಳುವುದೂ ಸುಳ್ಳೇ.

ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಎದುರಿಸಿ, ಅವನ ನಡತೆ ಸುವಾರ್ತೆಯ ಸತ್ಯಕ್ಕೆ ಸರಿಯಾಗಿಲ್ಲವೆಂದು ಹೇಳಿದ ಸಂಗತಿ ಗಲಾತ್ಯ 2:11-14ರಲ್ಲಿದೆ. 2 ಪೇತ್ರ 3:15ರಲ್ಲಿ ಅದೇ ಪೌಲನಿಗೆ ದೊರೆತ ಹೆಸರು “ಪ್ರಿಯ ಸಹೋದರ”. ತಿದ್ದುಪಡಿ ನಿಮ್ಮೊಳಗೆ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯಲು ಇದನ್ನೇ ಅಳತೆ ಮಾಡಿಕೊಳ್ಳಿರಿ: ನಿಮ್ಮನ್ನು ತಿದ್ದಿದವರ ಬಗ್ಗೆ, ಅವರಿಲ್ಲದಾಗ, ನೀವು ಯಾವ ದನಿಯಲ್ಲಿ ಮಾತನಾಡುತ್ತೀರಿ?

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ವಿಷಯದಲ್ಲಿ ಗಾಯಗೊಂಡವರನ್ನು ನಾನು ಕಂಡಿದ್ದೇನೆ. ದೀನತೆ ಎಂದರೆ ಹಿಂಸೆಯನ್ನು ಮೌನವಾಗಿ ಸಹಿಸುವುದು ಎಂದು ಯಾರಾದರೂ ಕಲಿಸಿದರೆ ನಂಬಬೇಡಿರಿ. ವಿಚಾರಣೆಯಲ್ಲಿ ಓಲೇಕಾರನು ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಆದರೆ ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದು ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದನು (ಯೋಹಾನ 18:23). ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಪೌಲನು, ತಾವು ರೋಮಾಪುರದ ಹಕ್ಕುದಾರರೆಂದೂ ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲೆಂದೂ ಹೇಳಿಕಳುಹಿಸಿದನು (ಅಪೊಸ್ತಲರ ಕೃತ್ಯಗಳು 16:37). ನಿಮ್ಮಿಂದ ಮಾತ್ರ ದೀನತೆಯನ್ನು ಬೇಡಿ ತನ್ನನ್ನು ಯಾರೂ ಪ್ರಶ್ನಿಸಬಾರದೆನ್ನುವ ನಾಯಕನ ಬಳಿ ಈ ಹಂತವನ್ನು ಮಾಡಬೇಡಿರಿ.

ಹಂತ 6: ಸೇವೆ ಮಾಡಿರಿ, ಸೇವೆಯನ್ನು ಸ್ವೀಕರಿಸಿರಿ

ಸೇವೆ ಮಾಡುವ ವಿಷಯದಲ್ಲಿ ಸಲಹೆ ಚಿಕ್ಕದು. ಯಾರಿಗೂ ಕಾಣದ, ಯಾರೂ ಧನ್ಯವಾದ ಹೇಳದ ಒಂದು ಕೆಲಸವನ್ನು ಈ ವಾರ ಪ್ರತಿದಿನ ಮಾಡಿರಿ, ಅದರ ಬಗ್ಗೆ ನೋಟ್‌ಬುಕ್ಕಿನಲ್ಲಿಯೂ ಬರೆಯಬೇಡಿರಿ.

ಸೇವೆಯನ್ನು ಸ್ವೀಕರಿಸುವುದು ಇದಕ್ಕಿಂತ ಕಠಿಣ. ಯೋಹಾನ 13ರಲ್ಲಿ ಪೇತ್ರನು ನೀನು ಎಂದಿಗೂ ನನ್ನ ಕಾಲುಗಳನ್ನು ತೊಳೆಯಬಾರದು ಎಂದನು. ಕೇಳುವುದಕ್ಕೆ ಅದು ಭಕ್ತಿಯ ಮಾತು. ಆದರೆ ಅದರಲ್ಲಿ ಕರ್ತನು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಶಿಷ್ಯನು ತೀರ್ಮಾನಿಸುತ್ತಿದ್ದಾನೆ. ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದ ಕೂಡಲೇ ಕೈಗಳನ್ನೂ ತಲೆಯನ್ನೂ ತೊಳೆ ಎಂದನು. ಮೊದಲು ಬೇಡವೇ ಬೇಡ, ಆಮೇಲೆ ಇನ್ನೂ ಹೆಚ್ಚು. ಕೊಟ್ಟಷ್ಟನ್ನು ಕೊಟ್ಟ ಹಾಗೆ ತೆಗೆದುಕೊಳ್ಳುವುದು ಮಾತ್ರ ಅವನಿಗೆ ಆಗಲಿಲ್ಲ. ಇದೇ ಅಧ್ಯಾಯದ 3ನೇ ವಚನವನ್ನೂ ಬಿಡಬೇಡಿರಿ. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದು ದೇವರ ಬಳಿಗೆ ಹೋಗುತ್ತೇನೆ ಎಂದು ತಿಳಿದವನಾಗಿಯೇ ಯೇಸು ಎದ್ದು ಸೊಂಟಕ್ಕೆ ಕೈಪಾವುಡವನ್ನು ಕಟ್ಟಿಕೊಂಡನು.

ಆದ್ದರಿಂದ ಈ ವಾರ ಯಾರಾದರೂ ಸಹಾಯಕ್ಕೆ ಬಂದರೆ “ಪರವಾಗಿಲ್ಲ, ನಾನೇ ಮಾಡಿಕೊಳ್ಳುತ್ತೇನೆ” ಎನ್ನದೆ ಸ್ವೀಕರಿಸಿರಿ. ಯಾರೂ ಬಾರದಿದ್ದರೆ ಒಂದು ಸಹಾಯವನ್ನು ನೀವೇ ಕೇಳಿರಿ. ತೀರಿಸಿಬಿಡಬೇಕೆಂಬ ಆತುರದಿಂದ ಮರುದಿನವೇ ಪ್ರತಿಯಾಗಿ ಏನನ್ನಾದರೂ ಕೊಡಲು ಹೋಗಬೇಡಿರಿ. ಹೊಗಳಿಕೆ ಬಂದಾಗ “ಧನ್ಯವಾದ” ಎಂಬ ಒಂದು ಪದ ಸಾಕು. ಪುಟವೂ ಕುಲುಮೆಯೂ ಬೆಳ್ಳಿಬಂಗಾರಗಳನ್ನು ಶೋಧಿಸುವಂತೆ ಹೊಗಳಿಕೆಯು ಮನುಷ್ಯನನ್ನು ಶೋಧಿಸುತ್ತದೆ ಎಂದು ಜ್ಞಾನೋಕ್ತಿ 27:21 ಹೇಳುತ್ತದೆ. ಹೊಗಳಿದವರ ಮಾತನ್ನು ತಳ್ಳಿಹಾಕಿ ಅವರಿಂದ ಎರಡನೆಯ ಸಾರಿ ಹೇಳಿಸಿಕೊಳ್ಳುವುದು ಶೋಧನೆಯಿಂದ ತಪ್ಪಿಸಿಕೊಳ್ಳುವುದಲ್ಲ, ಅದರಲ್ಲಿ ಸೋಲುವುದು.

ಆರು ವಾರಗಳ ನಂತರ

ನೋಟ್‌ಬುಕ್ಕನ್ನು ಮುಚ್ಚಿಡಿರಿ. ದಿನವೂ ತೆರೆದು ನಾನೆಷ್ಟು ದೀನನಾದೆ ಎಂದು ಅಳೆಯುತ್ತ ಕುಳಿತರೆ ಕಣ್ಣು ಮತ್ತೆ ತನ್ನ ಮೇಲೆಯೇ ನೆಡುತ್ತದೆ. ಆದರೆ ಕೆಲವು ಗುರುತುಗಳು ಕಂಡಾಗ ತಕ್ಕ ಹಂತಕ್ಕೆ ಹಿಂದಿರುಗಬೇಕು. ನಿಮ್ಮನ್ನು ಕೇಳದೆ ತೀರ್ಮಾನ ಮಾಡಿದರೆಂಬ ಮುನಿಸು ಒಂದು ವಾರ ಕಳೆದರೂ ಆರದಿದ್ದರೆ ಎರಡನೆಯದಕ್ಕೆ; ಕರೆ ಬಂದಾಗಲೆಲ್ಲ ಕಾಲು ಹಿಂದೆ ಸರಿದರೆ ಮೂರನೆಯದಕ್ಕೆ; ಕ್ಷಮೆ ಕೇಳಿದ ಮೇಲೂ ಮನಸ್ಸು ವಾದಿಸುತ್ತಲೇ ಇದ್ದರೆ ನಾಲ್ಕನೆಯದಕ್ಕೆ. ನಾಳಿನ ಚಿಂತೆಯನ್ನೆಲ್ಲ ತಾನೊಬ್ಬನೇ ಹೊತ್ತುಕೊಂಡಿರುವುದೂ ಒಂದು ಗುರುತೇ. 1 ಪೇತ್ರ 5:6-7ರಲ್ಲಿ ದೇವರ ಬಲವಾದ ಹಸ್ತದ ಕೆಳಗೆ ತಗ್ಗಿಸಿಕೊಳ್ಳಿರಿ ಎಂಬುದಕ್ಕೆ ಅಂಟಿಕೊಂಡೇ ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ ಎಂಬ ಮಾತು ಬರುತ್ತದೆ, ಆ ಹೊತ್ತಿನಲ್ಲಿ ಆರನೆಯ ಹಂತಕ್ಕೆ ಮರಳಿ, ಒಬ್ಬರ ಬಳಿ ಹೋಗಿ “ನನ್ನೊಂದಿಗೆ ಪ್ರಾರ್ಥಿಸುವಿರಾ?” ಎಂದು ಕೇಳಿರಿ.